ಬಾಕ್ಸರ್ ಮುಹಮ್ಮದ್ ಅಲಿಯನ್ನು ಬ್ರಿಟಿಷ್ ಟೀವಿ ಸಂದರ್ಶಕ ಮೈಕೆಲ್ ಪಾರ್ಕಿನ್ಸನ್ ಕೆಣಕಿದ ಹಾಗೆ ನಮ್ಮೂರ ಹಳೇ ಕಬಡ್ಡಿ ಆಟಗಾರರನ್ನು ಕ್ಯಾಮೆರಾ ಮುಂದೆ ಕೆಣಕೋದು ಹೇಗೆ? ಮನೆಯಲ್ಲಿ ಮಾಡಲೋ, ಜನರ ಮುಂದೆ ಮಾಡಲೋ?

ಕೆಣಕಲೇಬೇಡಿ. ನಾನು ಕೆಣಕಿ ನೋಡಿದ್ದೇನೆ.

ನೀವು ಹೇಳ್ತಿರೋದು 1974ರ ಬಿಬಿಸಿ ಸಂದರ್ಶನ, ಅಲ್ವಾ? ಅಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಎಂಟನೇ ರೌಂಡಿನಲ್ಲಿ ಮಲಗಿಸಿ ಹೆವಿವೇಟ್ ಪಟ್ಟ ವಾಪಸ್ ಗೆದ್ದ ವರ್ಷ ಅದು. ಆ ತುಣುಕು ನನಗೂ ಬಾಯಿಪಾಠ ಆಗಿತ್ತು. ಅದಾಗಿ ಎಷ್ಟೋ ವರ್ಷಗಳ ಮೇಲೆ ನಾನು ಮೈಸೂರಿನ ಒಂದು ಲೋಕಲ್ ಕೇಬಲ್ ಚಾನೆಲ್‌ನಲ್ಲಿದ್ದೆ. ದಸರಾ ಕುಸ್ತಿ ಹತ್ತಿರ ಬಂದಿತ್ತು. ಗರಡಿ ಮನೆಯೊಂದರ ವಯಸ್ಸಾದ ಉಸ್ತಾದರನ್ನು ಮಾತಾಡಿಸೋ ಕೆಲಸ ನನ್ನ ಪಾಲಿಗೆ ಬಂತು. ಪಾರ್ಕಿನ್ಸನ್ ಆಗೋಕೆ ಇದೇ ಚಾನ್ಸ್ ಅಂದುಕೊಂಡೆ.

ಪಾರ್ಕಿನ್ಸನ್ ಏನು ಮಾಡಿದ್ದರು ನೆನಪಿದೆಯಾ? ಬಿಳಿಯರೆಲ್ಲ ಸೈತಾನರು ಅಂತೀಯಲ್ಲ, ಮತ್ತೆ ನಿನ್ನ ಸುತ್ತ ಬಿಳಿ ಗೆಳೆಯರಿದ್ದಾರಲ್ಲ, ಇದು ಹೇಗೆ ಅಂತ ಹಿಡಿದರು. ಅಲಿಯ ಕೋಚ್ ಆಂಜೆಲೊ ಡಂಡಿಯೇ ಬಿಳಿಯ. ಯಾರೋ ಬರೆದ ಪುಸ್ತಕದ ಸಾಲುಗಳನ್ನೂ ಮುಂದಿಟ್ಟರು. ಅಲಿ ಸಿಡಿದ. ನನ್ನನ್ನು ಟೀವಿಗೆ ಕರೆದು ಬಲೆಗೆ ಬೀಳಿಸ್ತೀಯಾ, ನನ್ನನ್ನು ಕಟ್ಟಿಹಾಕೋಷ್ಟು ಬುದ್ಧಿ ನಿನಗಿಲ್ಲ ಅನ್ನೋ ಧಾಟಿಯಲ್ಲಿ ಬಾರಿಸಿದ. ನೋಡೋಕೆ ಮಜಾ ಇದೆ, ನಿಜ. ಆದರೆ ಆ ಸಾಲುಗಳ ಬಗ್ಗೆ ಅಲಿ ಹೊಸದಾಗಿ ಏನಾದರೂ ಹೇಳಿದನಾ? ಇನ್ನೊಮ್ಮೆ ಹಾಕಿ ನೋಡಿ. ಬೆಂಕಿ ಇದೆ, ಉತ್ತರ ಇಲ್ಲ.

ಇದು ಆಗ ನನಗೆ ಹೊಳೆಯಲಿಲ್ಲ. ಉಸ್ತಾದರು ಗೆದ್ದ ಒಂದು ಹಳೇ ಕುಸ್ತಿ ಮೊದಲೇ ಒಪ್ಪಂದ ಆಗಿತ್ತು ಅಂತ ಯಾವುದೋ ಪತ್ರಿಕೆ ಬರೆದಿತ್ತು. ಆ ತುಂಡನ್ನು ಹುಡುಕಿ, ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡೆ. ಗರಡಿಯಲ್ಲೇ ಶೂಟಿಂಗ್. ಶಿಷ್ಯರೆಲ್ಲ ಸುತ್ತ ನಿಂತಿದ್ದರು. ಉಸ್ತಾದರು ಮಟ್ಟಿ, ಅಂದರೆ ಕುಸ್ತಿ ಅಖಾಡದ ಮಣ್ಣು, ಹದ ಮಾಡೋದು ಹೇಗೆ ಅಂತ ಶುರು ಮಾಡಿದ್ದರು. ಕೆಂಪು ಮಣ್ಣನ್ನು ಜರಡಿ ಹಿಡೀಬೇಕು, ಅರಿಶಿನ, ಮಜ್ಜಿಗೆ, ನಿಂಬೆರಸ ಹಾಕಿ ತುಳೀಬೇಕು. ಹೇಳ್ತಾ ಹೇಳ್ತಾ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಹಿಸುಕಿ ಉಂಡೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ ಒಡೆದು ತೋರಿಸಿದರು. ನನಗೆ ಒಳಗೊಳಗೇ ಚಡಪಡಿಕೆ. ಮಣ್ಣಿನ ಕಥೆ ಯಾರಿಗೆ ಬೇಕು? ಮಾತು ಅರ್ಧಕ್ಕೆ ತುಂಡು ಮಾಡಿ ಆ ಕಾಗದ ಅವರ ಕೈಗಿಟ್ಟೆ. "ಇದನ್ನು ಓದಿ, ಇದಕ್ಕೇನಂತೀರಿ?"

ಅವರು ಕಾಗದ ತಿರುಗಿಸಿ ನೋಡಿದರು. ಕನ್ನಡಕ ತಂದಿಲ್ಲ ಅಂದರು. ಪರವಾಗಿಲ್ಲ ಅಂತ ನಾನೇ ಜೋರಾಗಿ ಓದಿದೆ. ಅವರು ಕಾಲರ್ ಮೈಕ್ ಕಿತ್ತು ಪ್ಲಾಸ್ಟಿಕ್ ಕುರ್ಚಿ ಮೇಲಿಟ್ಟು ಎದ್ದು ಹೋದರು. ಆಮೇಲೆ ಒಬ್ಬ ಶಿಷ್ಯ ಹೇಳಿದ: ಉಸ್ತಾದರಿಗೆ ಸಹಿ ಹಾಕೋಕೆ ಬರುತ್ತೆ, ಓದೋಕೆ ಬರಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಸಹಿಸಿಕೊಳ್ಳಿ. ಗಟ್ಟಿ ಪ್ರಶ್ನೆ ಕೇಳಿದ್ದು ತಪ್ಪಲ್ಲ. ಆ ಕುಸ್ತಿ ಬಗ್ಗೆ ಕೇಳಲೇಬೇಕಿತ್ತು. ನಾನು ಕೇಳಿದ್ದು ನನ್ನ ಪ್ರಶ್ನೆಯೇ ಅಲ್ಲ, ಯಾರೋ ಬರೆದದ್ದನ್ನು ಆರೋಪಪಟ್ಟಿ ಥರ ಮುಂದಿಟ್ಟೆ. ಅದೂ ಶಿಷ್ಯರ ಮುಂದೆ. ಅವರೇನಾದರೂ ಉತ್ತರ ಕೊಟ್ಟಿದ್ದರೆ ಅದು ಶಿಷ್ಯರಿಗೆ ಕೊಟ್ಟ ಉತ್ತರ ಆಗಿರ್ತಿತ್ತು, ನನಗಲ್ಲ. ಸುಮ್ನೆ "ಆವತ್ತು ಅಖಾಡದಲ್ಲಿ ಏನಾಯ್ತು?" ಅಂದಿದ್ದರೆ ಸಾಕಿತ್ತು. ಕಾಗದ ಕೊಟ್ಟಿದ್ದು ಇನ್ನೂ ಕೆಟ್ಟದ್ದು. ಓದೋಕೆ ಬರದವರಿಗೆ ಅದು ಬೇರೇನೇ ಬೆದರಿಕೆ. ಎಲ್ಲಕ್ಕಿಂತ ಜಾಸ್ತಿ ನೋವಾಗೋದು ಆ ಮಟ್ಟಿ ಮಾತು ತುಂಡಾಗಿದ್ದು. ಮುಂದೆ ಏನೇನು ಹಾಕ್ತಿದ್ದರು, ಎಷ್ಟು ದಿನ ಬಿಡ್ತಿದ್ದರು, ಅವರ ಬಾಯಲ್ಲಿ ಕೇಳೋಕೆ ಆಗಲಿಲ್ಲ. ಕ್ಷಮೆ ಕೇಳೋಕೆ ಹೋದಾಗ ಶಿಷ್ಯರು ಬಾಗಿಲಲ್ಲೇ ನಿಲ್ಲಿಸಿದರು. ಬೇರೆ ಗರಡಿಗಳಿಗೂ ಸುದ್ದಿ ಮುಟ್ಟಿತು, ಕ್ಯಾಮೆರಾ ಜತೆ ನನ್ನನ್ನು ಯಾರೂ ಒಳಗೆ ಬಿಡಲಿಲ್ಲ. ಉಸ್ತಾದರು ಈಗಿಲ್ಲ.

ಅಲಿಗೂ ಓದು ಕಷ್ಟವೇ ಆಗಿತ್ತು. 1964ರಲ್ಲಿ ಸೇನೆಯ ಅರ್ಹತಾ ಪರೀಕ್ಷೆಯಲ್ಲಿ ಫೇಲಾದ. ನಾನು ಎಲ್ಲರಿಗಿಂತ ದೊಡ್ಡವನು ಅಂದಿದ್ದೆ, ಎಲ್ಲರಿಗಿಂತ ಜಾಣ ಅಂದಿರಲಿಲ್ಲ ಅಂತ ನಗಿಸಿದ. ಆಮೇಲೆ ಸೇನೆಯವರು ಪಾಸ್ ಮಾರ್ಕ್ ಇಳಿಸಿ ಅವನನ್ನೂ ಒಳಗೆ ಸೇರಿಸೋಕೆ ನೋಡಿದರು. 1967ರಲ್ಲಿ ಸೇನೆಗೆ ಬರಲ್ಲ ಅಂದ, ಪಟ್ಟ ಹೋಯಿತು. ಇದೆಲ್ಲ ತಿಳಿದ ಮೇಲೆ 1974ರ ತುಣುಕಿನಲ್ಲಿ ಪುಸ್ತಕ ಕಂಡಾಗೆಲ್ಲ ನನ್ನ ಕಿವಿ ಬಿಸಿಯಾಗುತ್ತೆ.

ನೀವು ನೋಡಬೇಕಾದ್ದು ಅದೇ ಪಾರ್ಕಿನ್ಸನ್ 1971ರಲ್ಲಿ ಮಾಡಿದ ಸಂದರ್ಶನ. ಆ ಮಾರ್ಚ್‌ನಲ್ಲಿ ಅಲಿ ಜೋ ಫ್ರೇಜಿಯರ್ ಎದುರು ಸೋತಿದ್ದ. ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೇನೆ ಸೇರದ ಕೇಸಿನ ಶಿಕ್ಷೆ ರದ್ದು ಮಾಡಿತ್ತು. ಚಿಕ್ಕವನಿದ್ದಾಗ ಅಮ್ಮನನ್ನು ಕೇಳಿದ್ದನ್ನು ಅಲಿ ಹೇಳ್ತಾನೆ: ಏಸು ಯಾಕೆ ಬಿಳಿ, ದೇವತೆಗಳು ಯಾಕೆ ಬಿಳಿ, ಕಾಡಿನ ರಾಜ ಟಾರ್ಜನ್ ಯಾಕೆ ಬಿಳಿ? ದೇವತೆ ಹೆಸರಿನ ಕೇಕ್ ಬಿಳಿ, ಸೈತಾನನ ಹೆಸರಿನದು ಚಾಕೊಲೇಟ್ ಬಣ್ಣ. ಜನ ಬಿದ್ದು ಬಿದ್ದು ನಗ್ತಾರೆ, ನಗು ನಿಂತ ಮೇಲೆ ವಿಷಯ ತಾಗುತ್ತೆ. ಅಷ್ಟು ಹೊತ್ತೂ ಪಾರ್ಕಿನ್ಸನ್ ಹೆಚ್ಚುಕಮ್ಮಿ ಸುಮ್ಮನೆ ಕೂತಿರ್ತಾರೆ. 1974ರ ಜಗಳಕ್ಕಿಂತ ಜನಾಂಗದ ಬಗ್ಗೆ ಅಲಿ ಇಲ್ಲಿ ಹೇಳಿದ್ದೇ ಜಾಸ್ತಿ.

ಇಬ್ಬರ 1981ರ ಸಂದರ್ಶನವನ್ನೂ ನೋಡಿ. ದನಿ ತಗ್ಗಿದೆ, ಮಾತು ನಿಧಾನ.

ಮನೆಯೋ ಜನರ ಮುಂದೆಯೋ ಅಂತ ಕೇಳಿದ್ದೀರಿ. ಮನೆ. ಮಗ, ಮೊಮ್ಮಕ್ಕಳು, ಹಳೇ ತಂಡದವರು ಯಾರೂ ಕೋಣೆಯಲ್ಲಿ ಬೇಡ. ಕೈಯಲ್ಲಿ ಕಾಗದ ಇಟ್ಟುಕೊಳ್ಳಬೇಡಿ, ಮೊಬೈಲೂ ಬೇಡ. ಅವರು ರೇಡಿಂಗ್ ಬಿಟ್ಟು ಹೊಲದ ವಿಷಯಕ್ಕೆ ಹೋದರೆ ಹೋಗಲಿ ಬಿಡಿ, ಮೆಮೊರಿ ಕಾರ್ಡ್‌ಗೆ ಎಷ್ಟು ದುಡ್ಡು ಮಹಾ? ಸೋತ ಪಂದ್ಯದ ಬಗ್ಗೆ ಕೊನೆಯಲ್ಲಿ ಕೇಳಿ, ಒಂದೇ ಸಾಲಲ್ಲಿ ಕೇಳಿ. ಹೇಳಲ್ಲ ಅಂದರೆ ಟೀ ಕುಡಿದು ಬನ್ನಿ, ಇನ್ನೊಂದು ದಿನ ಹೋಗಿ.