ಜೋಗಿಮಟ್ಟಿಯ ಬಿಳಿ ಕಲ್ಲು ಸುಣ್ಣದ ಕಲ್ಲೇ?

ಚಿತ್ರದುರ್ಗದ ಕೋಟೆ ಬೆಟ್ಟ ಬೋಳು ಬಂಡೆ, ಪಕ್ಕದ ಜೋಗಿಮಟ್ಟಿ ಗುಡ್ಡ ಮಾತ್ರ ಕಾಡು, ಯಾಕೆ, ಅಲ್ಲಿ ಸಿಗುವ ಬಿಳಿ ಕಲ್ಲು ಸುಣ್ಣದ್ದಾ ಅಂತ ಕೇಳಿದ್ದೀರಿ. ಚಾಕುವಿನ ಮೊನೆಯಿಂದ ಗೀರಿ ನೋಡಿ ಸರ್. ಗೀರು ಬೀಳದೆ ಚಾಕುವಿನ ಕಬ್ಬಿಣವೇ ಕಲ್ಲಿಗೆ ಅಂಟಿದರೆ ಅದು ಬೆಣಚುಕಲ್ಲು. ಗೀರು ಬಿದ್ದರೆ, ಆ ಕಲ್ಲಿನ ಮೇಲೆ ತೆಳು ಆಸಿಡ್ ಒಂದು ಹನಿ ಬಿಡಿ. ಬುಸ್ ಅಂತ ನೊರೆ ಬಂದರೆ ಸುಣ್ಣದ ಅಂಶ ಇದೆ. ಪುಡಿ ಮಾಡಿದ ಮೇಲಷ್ಟೇ ನೊರೆ ಬಂದರೆ ಡಾಲೊಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣದ ಕಲ್ಲು) ಇರಬಹುದು.

ಕೋಟೆಯದು ಗ್ರಾನೈಟ್. ದುಂಡು ದುಂಡಾಗಿ ಒಡೆಯುತ್ತೆ, ಮಣ್ಣು ನಿಲ್ಲೋದು ಕಷ್ಟ. ಜೋಗಿಮಟ್ಟಿ ಸಾಲು ಪದರುಗಲ್ಲಿನದು. ಬಿರುಕಿನಲ್ಲಿ ನೀರಿಳಿದು, ಮಣ್ಣು ಕೂತು, ಎಲೆ ಉದುರಿಸುವ ಒಣ ಕಾಡು ಬೆಳೆದಿದೆ. ಎತ್ತರದ ಗಾಳಿಯೂ ತಂಪು.

ನಮ್ಮ ಜಿಲ್ಲೆಯಲ್ಲಿ ಸುಣ್ಣದ ಕಲ್ಲು ಬೇಕಿದ್ದರೆ ಭೀಮಸಮುದ್ರ, ಮಾರಿಕಣಿವೆ ಕಡೆ ನೋಡಬೇಕು. ಅಲ್ಲಿನ ಕೆಲವು ಕಲ್ಲಿನಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಬಾಗಿದ ಗೆರೆಗಳಿವೆ. 250 ಕೋಟಿ ವರ್ಷಕ್ಕೂ ಹಿಂದೆ, ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ್ದು ಅವು. ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಮಾತೇ ಹೊರಡಲಿಲ್ಲ.

 ಜೋಗಿಮಟ್ಟಿ ಸಾಲಿನ ನೆತ್ತಿಯ ಮೇಲೆ ಗಾಳಿಯಂತ್ರಗಳಿವೆ. ಆ ಯಂತ್ರಗಳಿಗೆ ಕಡಿದ ರಸ್ತೆಗಳ ಪಕ್ಕದಲ್ಲೇ ಕಲ್ಲಿನ ಪದರ ಚೆನ್ನಾಗಿ ಕಾಣುತ್ತೆ. ಜೋಗಿಮಟ್ಟಿ ಈಗ ವನ್ಯಧಾಮ, ಅಲ್ಲಿಂದ ಕಲ್ಲು ಎತ್ತಿ ತರಬೇಡಿ ದಯವಿಟ್ಟು. ಫೋಟೊ ಹಾಕಿ, ಕಲ್ಲಿನ ಗಾತ್ರ ಗೊತ್ತಾಗೋಕೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು.