ಲಿಖಿತವಾಗಿ ಕೊಡಿ ಅನ್ನಿ

ಪ್ರಶ್ನೆ: ಮಗನಿಗೆ ಏಳು ವರ್ಷ, ಆಟಿಸಂ ಇದೆ. ಊರಿನ ಶಾಲೆಯವರು ‘ಇಂಥ ಮಕ್ಕಳನ್ನ ನಾವು ತಗೊಳ್ಳಲ್ಲಮ್ಮ’ ಅಂದುಬಿಟ್ಟರು. ಸ್ಪೀಚ್ ಥೆರಪಿಗೆಂದು ವಾರಕ್ಕೆರಡು ಸಲ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿಬರುತ್ತೇವೆ, ದುಡ್ಡು ಸಾಲುತ್ತಿಲ್ಲ. ಕಾನೂನು ನಮ್ಮ ಕಡೆ ಇದೆಯೇ ಮೇಡಂ?
– ಒಬ್ಬ ತಾಯಿ, ಹರಿಹರ ತಾಲ್ಲೂಕು

ಉತ್ತರ: ಇದೆ ತಾಯಿ. ನನ್ನ ಮಗನಿಗೂ ಆಟಿಸಂ, ಅವನಿಗೀಗ ಇಪ್ಪತ್ನಾಲ್ಕು. ಅವನು ಚಿಕ್ಕವನಿದ್ದಾಗ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಎಂಬ ಪದವೇ ಇರಲಿಲ್ಲ. ಪೋಷಕರು ಅರ್ಜಿ ಹಿಡಿದು ಓಡಾಡಿದ್ದೇ ಓಡಾಡಿದ್ದು. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಕೊನೆಗೂ ಸೇರಿತು.

ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಅದರಲ್ಲಿ ವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಬಂದರೆ, 18 ವರ್ಷ ತುಂಬುವವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಅವನ ಹಕ್ಕು. ‘ತಗೊಳ್ಳಲ್ಲ’ ಅಂದವರನ್ನು ‘ಅದನ್ನೇ ಬರೆದುಕೊಡಿ’ ಅನ್ನಿ. (ಅರ್ಧ ಜನ ಇಷ್ಟಕ್ಕೇ ಮೆತ್ತಗಾಗುತ್ತಾರೆ.) ಬಗ್ಗದಿದ್ದರೆ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಕೊಡಿ.

ದುಡ್ಡಿನ ವಿಷಯ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಬಿಲ್ಲೂ ಅದರಲ್ಲಿ ಬರುತ್ತದೆ. ರಸೀದಿಗಳನ್ನು ಜೋಪಾನವಾಗಿಡಿ. ಆದರೆ ಥೆರಪಿಗೆ ಅದರೊಳಗೇ ಒಂದು ಮಿತಿ ಹಾಕಿದ್ದಾರೆ, ಅದು ಯಾವ ಮೂಲೆಗೂ ಸಾಲದು. ಹೆಚ್ಚಿಸಿ ಎಂದು ನಾನು ಸಂಸದರಿಗೆ ಪತ್ರ ಹಾಕುತ್ತಲೇ ಇದ್ದೇನೆ. ನೀವೂ ಒಂದು ಹಾಕಿ, ಮಗನ ಬಸ್ ಟಿಕೆಟ್‌ಗಳ ಜೆರಾಕ್ಸ್ ಲಗತ್ತಿಸಿ.