ಕಲ್ಲು ಅಲ್ಲೇ ಸಿಗುತ್ತದೆ

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ನಮ್ಮ ಕನ್ನಡ ಚರ್ಚಿನ ಯುವಕರ ಗುಂಪು ಜುಲೈನಲ್ಲಿ ಜೆಕ್ ದೇಶದ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಒಂದು ವಾರ ಇಂಗ್ಲಿಷ್ ಕ್ಯಾಂಪ್ ನಡೆಸಲಿದೆ. ಮಗಳಿಗೆ 19. ‘ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ, ಏನು ಕಲಿಸಲಿ’ ಅಂತಾಳೆ. ಕಳಿಸಬಹುದಾ?

ಉತ್ತರ: ಧಾರಾಳವಾಗಿ ಕಳಿಸಿ. ಜೆಕ್ ಭಾಷೆಯಲ್ಲಿ ಇಂಗ್ಲಿಷಿನ ‘ಎ’, ‘ದಿ’ ಥರದ ಪದಗಳು ಇಲ್ಲ, ಕನ್ನಡದಲ್ಲೂ ಇಲ್ಲ ಅಲ್ವಾ, ಹಾಗಾಗಿ ಆ ಮಕ್ಕಳು ಎಲ್ಲಿ ತಡವರಿಸುತ್ತಾರೆ ಅನ್ನೋದು ಲಂಡನ್ನಿನಲ್ಲಿ ಹುಟ್ಟಿದವರಿಗಿಂತ ನಿಮ್ಮ ಮಗಳಿಗೇ ಬೇಗ ಹೊಳೆಯುತ್ತದೆ. ನಿಮ್ಮ ಡೊಂಬಿವಲಿ ವೆಸ್ಟ್ (west), ಮೈಮೇಲಿನ ವೆಸ್ಟ್ (vest) ಎರಡೂ ಅವರ ಬಾಯಲ್ಲಿ ಸುಮಾರು ಒಂದೇ. (ಕನ್ನಡದಲ್ಲಿ ಬರೆದರೂ ಒಂದೇ!)

ವ್ಯಾಕರಣ ಪುಸ್ತಕ ಬೇಡ. ಲಗೋರಿ ಆಡಿಸಲಿ. ಏಳು ಚಪ್ಪಟೆ ಕಲ್ಲು ಅಲ್ಲೇ ಸಿಗುತ್ತವೆ, ರಬ್ಬರ್ ಚೆಂಡು ಮಾತ್ರ ಒಯ್ಯಲಿ. ಕಲ್ಲು ಉರುಳಿದ ತಕ್ಷಣ ‘ರನ್, ಥ್ರೋ, ವನ್ ಮೋರ್’ ಅಂತ ಎಲ್ಲರೂ ಕಿರುಚುತ್ತಾರೆ, ಆಗ ಯಾರಿಗೂ ನಾಚಿಕೆ ಇರೋದಿಲ್ಲ.

ವೀಸಾ ವಿಷಯಕ್ಕೆ ಬೇಗ ಏಳಿ. ಷೆಂಗೆನ್ ವೀಸಾಗೆ (ಜೆಕ್ ಸೇರಿ ಯುರೋಪಿನ ಹಲವು ದೇಶಗಳಿಗೆ ಇದೊಂದೇ ವೀಸಾ) ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವಿಮೆ ಬೇಕು, ವಾಪಸಾದ ಮೇಲೂ ಪಾಸ್‌ಪೋರ್ಟಿಗೆ ಮೂರು ತಿಂಗಳು ಅವಧಿ ಇರಬೇಕು. ಸುಮ್ನೆ ಪ್ರವಾಸ ಅಂತ ಬರೆಯಬೇಡಿ, ಕ್ಯಾಂಪಿನವರ ಆಹ್ವಾನ ಪತ್ರ ಲಗತ್ತಿಸಿ. ಅಂದಹಾಗೆ ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ.

ಇನ್ನೊಂದು ಮಾತು. ಆ ದೇಶದಲ್ಲಿ ಚರ್ಚಿಗೆ ಹೋಗದವರೇ ಜಾಸ್ತಿ. ಕ್ಯಾಂಪಿನಲ್ಲಿ ಪ್ರಾರ್ಥನೆ, ಹಾಡು ಇದ್ದರೆ ಮಕ್ಕಳ ಮನೆಯವರಿಗೆ ಮೊದಲೇ ತಿಳಿಸಿದ್ದಾರಾ ಅಂತ ನಿಮ್ಮ ಪಾದ್ರಿಗಳನ್ನು ಕೇಳಿ.